ಕೀಪ್ಯಾಡ್ ಅಚ್ಚಾಗುವ ಶೆಡ್‌ನಲ್ಲಿ ಸೋಲಾರ್ ಸೆಲ್ ಅಚ್ಚು ಹಾಕಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಶೆಡ್ ಇದೆ. ಮೆಂಬ್ರೇನ್ ಕೀಪ್ಯಾಡ್, ಮಷೀನ್‌ಗಳ ನೇಮ್‌ಪ್ಲೇಟ್, ಸ್ಟಿಕರ್ ಮಾಡಿಕೊಡುತ್ತೇವೆ. ಪಾಲಿಯೆಸ್ಟರ್ ಹಾಳೆ ಮೇಲೆ ಬೆಳ್ಳಿ ಇಂಕ್ ಹಾಕಿ ಅಭ್ಯಾಸವಿದೆ. ಪ್ಲಾಸ್ಟಿಕ್ ಮೇಲೆ ಪ್ರಿಂಟ್ ಮಾಡುವ ಆರ್ಗ್ಯಾನಿಕ್ ಸೋಲಾರ್ ಸೆಲ್ ಅಂತ ಇದೆಯೆಂದು ಬಿ.ಎಸ್ಸಿ ಓದುತ್ತಿರುವ ಮಗಳು ಹೇಳಿದಳು. ನಮ್ಮ ಮಷೀನಲ್ಲೇ ಇದನ್ನು ಮಾಡಬಹುದಾ? ದೊಡ್ಡ ಪ್ರಮಾಣದಲ್ಲಿ ಮಾಡೋಕೆ ಯಾವ ಪ್ರಿಂಟಿಂಗ್ ಸರಿ? ಪರಿಚಯದವರೊಬ್ಬರು ಹಳೇ ಗ್ರೇವ್ಯೂರ್ ಮಷೀನ್ ಮಾರುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಈ ಪ್ರಶ್ನೆ ನನಗೆ ಸಾಮಾನ್ಯವಾಗಿ ಬರುವುದು ವಿದ್ಯಾರ್ಥಿಗಳಿಂದ. ದಿನಾ ಸ್ಕ್ವೀಜಿ (ಸ್ಕ್ರೀನ್ ಮೇಲೆ ಇಂಕ್ ಎಳೆಯುವ ರಬ್ಬರ್ ಪಟ್ಟಿ) ಹಿಡಿಯುವವರು ಕೇಳಿದ್ದು ಇದೇ ಮೊದಲು. ಈ ಕೆಲಸಕ್ಕೆ ನಿಮ್ಮಂಥವರ ಕೈ ಬೇಕೇ ಬೇಕು ಎಂದು ಬಹಳ ವರ್ಷಗಳಿಂದ ಅನ್ನಿಸಿದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೊರೆದ ಸಿಲಿಂಡರಿನಿಂದ ಅಚ್ಚು ಹಾಕುವ ಆ ಗ್ರೇವ್ಯೂರ್ ಮಷೀನ್ ತಗೋಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಸೆಲ್ ಹೇಗಿರುತ್ತದೆ ನೋಡೋಣ. ಆರ್ಗ್ಯಾನಿಕ್ ಸೆಲ್ ಅಂದರೆ ಪಾಲಿಯೆಸ್ಟರ್ ಹಾಳೆ ಮೇಲೆ ಐದು ಪದರ. ತಳದಲ್ಲಿ ಬೆಳಕು ಬಿಡುವ, ಕರೆಂಟ್ ಹರಿಸುವ ಪಾರದರ್ಶಕ ಪದರ. ಅದರ ಮೇಲೆ ಜಿಂಕ್ ಆಕ್ಸೈಡ್. ನಡುವೆ ಬೆಳಕು ಹೀರಿ ಕರೆಂಟ್ ಹುಟ್ಟಿಸುವ ಪದರ, ಇದನ್ನು ಆಕ್ಟಿವ್ ಲೇಯರ್ ಅನ್ನುತ್ತೇವೆ. ಆಮೇಲೆ ಪೆಡಾಟ್ ಎಂಬ ಕರೆಂಟ್ ಹರಿಸುವ ಪಾಲಿಮರ್. ಕೊನೆಗೆ ಬೆಳ್ಳಿ. ಈ ಬೆಳ್ಳಿಯನ್ನು ನೀವು ಇವತ್ತೇ ಹಾಕಬಲ್ಲಿರಿ. ಪೆಡಾಟ್‌ನಲ್ಲಿ ಸ್ಕ್ರೀನ್‌ಗೆಂದೇ ಗಟ್ಟಿ ಮಾಡಿದ ಇಂಕ್ ಸಿಗುತ್ತದೆ, ಸ್ವಲ್ಪ ದಿನ ಕೈ ಪಳಗಿದರೆ ಅದೂ ಬರುತ್ತದೆ. ನಡುವಿನ ಆಕ್ಟಿವ್ ಲೇಯರ್ ಮಾತ್ರ ನಿಮ್ಮ ಮೆಶ್‌ಗೆ, ಅಂದರೆ ಸ್ಕ್ರೀನಿನ ಜಾಲರಿಗೆ, ಒಗ್ಗುವುದಿಲ್ಲ.

ಯಾಕೆ ಅಂದರೆ, ಅದು ಇರಬೇಕಾದ ದಪ್ಪ ಸುಮಾರು 100 ನ್ಯಾನೋಮೀಟರ್. ಅಂದರೆ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗ. ನಿಮ್ಮ ಬೆಳ್ಳಿ ಗೆರೆ ಒಣಗಿದ ಮೇಲೂ ಹಲವು ಮೈಕ್ರಾನ್ ಇರುತ್ತದೆ, ಅಲ್ವಾ? ಇನ್ನೊಂದು ತೊಂದರೆ, ಆಕ್ಟಿವ್ ಲೇಯರ್‌ನ ಇಂಕ್ ಹೆಚ್ಚುಕಡಿಮೆ ನೀರಿನ ಹಾಗಿರುತ್ತದೆ. ಮೆಶ್ ಮೇಲೆ ಸುರಿದರೆ ಸ್ಕ್ವೀಜಿ ಎಳೆಯುವ ಮೊದಲೇ ಕೆಳಗೆ ಸೋರಿಹೋಗುತ್ತದೆ. ಗಟ್ಟಿ ಮಾಡೋಣ ಅಂತ ಬೈಂಡರ್ ಸೇರಿಸುವ ಹಾಗೂ ಇಲ್ಲ. ಕೀಪ್ಯಾಡ್ ಇಂಕ್‌ನಲ್ಲಿ ಬೈಂಡರ್ ಹಿಡಿತ ಕೊಡುತ್ತದೆ. ಇಲ್ಲಿ ಅದು ಕರೆಂಟಿನ ದಾರಿಗೇ ಅಡ್ಡ ಕೂರುತ್ತದೆ.

ಆದರೆ ತೆಳ್ಳಗೆ ಹಚ್ಚುವುದಕ್ಕೆ ಉಪಾಯಗಳಿವೆ. ನಿಜವಾದ ಕಷ್ಟ ಶುರುವಾಗುವುದು ಹಚ್ಚಿದ ಮೇಲೆ.

ಆಕ್ಟಿವ್ ಲೇಯರ್‌ನಲ್ಲಿ ಎರಡು ವಸ್ತುಗಳ ಮಿಶ್ರಣ ಇರುತ್ತದೆ. ಒಂದು ಎಲೆಕ್ಟ್ರಾನ್ ಕೊಡುವುದು, ಇನ್ನೊಂದು ತೆಗೆದುಕೊಳ್ಳುವುದು. ಬೆಳಕು ಬಿದ್ದಾಗ ಪ್ಲಸ್ಸು-ಮೈನಸ್ಸು ಒಂದಕ್ಕೊಂದು ಅಂಟಿಕೊಂಡ ಜೋಡಿ ಹುಟ್ಟುತ್ತದೆ. ಆ ಜೋಡಿ ಓಡಬಲ್ಲ ದೂರ ಬರೀ 10 ನ್ಯಾನೋಮೀಟರ್ ಆಸುಪಾಸು. ಅಷ್ಟರೊಳಗೆ ಎರಡು ವಸ್ತುಗಳ ಗಡಿ ಸಿಕ್ಕಿದರೆ ಜೋಡಿ ಬೇರೆಯಾಗಿ ಕರೆಂಟ್ ಆಗುತ್ತದೆ. ಸಿಗದಿದ್ದರೆ ಅಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ. ಹಾಗಾಗಿ ಎರಡೂ ವಸ್ತುಗಳು ಬಟ್ಟೆಯ ಹಾಸು-ಹೊಕ್ಕಿನ ಹಾಗೆ, 10-20 ನ್ಯಾನೋಮೀಟರ್ ಎಳೆಗಳಲ್ಲಿ ಹೆಣೆದುಕೊಂಡಿರಬೇಕು. ಇಷ್ಟು ಸಣ್ಣ ಡಿಸೈನನ್ನು ಯಾವ ಪ್ರಿಂಟಿಂಗ್ ಮಷೀನೂ ಹಾಕಲಾರದು. ಇಂಕ್ ಒಣಗುವಾಗ ಆ ಹೆಣಿಗೆ ತಾನಾಗಿಯೇ ಆಗಬೇಕು. ಬೇಗ ಒಣಗಿದರೆ ಎರಡೂ ವಸ್ತು ಬೇರೆಯಾಗದೆ ಕಲಸಿಕೊಂಡೇ ಉಳಿಯುತ್ತವೆ. ನಿಧಾನವಾದರೆ ಗಂಟು ಗಂಟಾಗುತ್ತವೆ. ಮನೆಯಲ್ಲಿ ಸಕ್ಕರೆ ಪಾಕ ತೆಗೆಯುವವರನ್ನು ನೋಡಿದ್ದೀರಲ್ಲ. ಒಂದೆಳೆ ಪಾಕ ಬಂತು ಅಂತ ಆಚೆ ತಿರುಗುವಷ್ಟರಲ್ಲಿ ಎರಡೆಳೆ ಆಗಿರುತ್ತದೆ. ಅದೇ ಸಕ್ಕರೆ, ಅದೇ ನೀರು, ಅದೇ ಪಾತ್ರೆ. ಇಲ್ಲೂ ಹದ ಬರುವ ಹೊತ್ತು ಕೆಲವೇ ಸೆಕೆಂಡು.

ನಾನು ಇದನ್ನು ಮೊದಲು ಕಣ್ಣಾರೆ ಕಂಡದ್ದು ಪಿ3ಎಚ್‌ಟಿ ಎಂಬ ಹಳೇ ಪಾಲಿಮರ್‌ನಲ್ಲಿ. ಸೀಸೆಯಲ್ಲಿ ಇಂಕ್ ಕಿತ್ತಳೆ ಬಣ್ಣ. ಹಾಳೆ ಮೇಲೆ ಹಚ್ಚಿದಾಗಲೂ ಕಿತ್ತಳೆಯೇ. ದ್ರಾವಕ ಆರುತ್ತಾ ಬಂದಂತೆ ಒಂದು ಅಂಚಿನಿಂದ ಗೆರೆಯೊಂದು ನಿಧಾನವಾಗಿ ಸರಿಯುತ್ತದೆ. ಗೆರೆ ದಾಟಿದ ಕಡೆಯೆಲ್ಲ ಕಿತ್ತಳೆ ಹೋಗಿ ನೇರಳೆಹಣ್ಣಿನ ಬಣ್ಣ ಬರುತ್ತದೆ. ಪಾಲಿಮರ್‌ನ ಎಳೆಗಳು ಸಾಲಾಗಿ ಕೂತು ಹರಳಾಗುವ ಗುರುತು ಅದು. ಫ್ಯಾನಿನ ಗಾಳಿ ಒಂದು ಪಕ್ಕಕ್ಕೆ ಜಾಸ್ತಿ ಬಿದ್ದರೆ ಗೆರೆ ಸೊಟ್ಟಗೆ ಹೋಗುತ್ತದೆ. ಆ ಸೊಟ್ಟ ಆಮೇಲೆ ಅಳತೆಯಲ್ಲೂ ಕಾಣುತ್ತದೆ: ಒಂದೇ ಹಾಳೆಯ ಈ ತುದಿಯಲ್ಲಿ ಕರೆಂಟ್ ಚೆನ್ನಾಗಿದೆ, ಆ ತುದಿಯಲ್ಲಿ ಮಂಕು. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗದ ದೃಶ್ಯ ಅದು.

ಲ್ಯಾಬಿನ ದಾಖಲೆಗಳನ್ನು ನೋಡಿ ಜನ ಮೋಸ ಹೋಗುವುದೂ ಇಲ್ಲೇ. ಈ ಬಗೆಯ ಸೆಲ್‌ಗೆ ದಾರಿ ತೋರಿಸಿದ್ದು ಕೊಡಾಕ್ ಕಂಪನಿಯ ಚಿಂಗ್ ಟಾಂಗ್, 1986ರಲ್ಲಿ. ಅವರ ಎರಡು ಪದರದ ಸೆಲ್ 100 ಪಾಲು ಬಿಸಿಲಿನಲ್ಲಿ ಸುಮಾರು 1 ಪಾಲನ್ನು ಕರೆಂಟ್ ಮಾಡಿತು. 2019ರಲ್ಲಿ ಚೀನಾದ ತಂಡವೊಂದು ವೈ6 ಎಂಬ ವಸ್ತು ತಂದಿತು, ಅದರ ಸೆಲ್ 15.7% ಮುಟ್ಟಿತು. ಈಗ ಲ್ಯಾಬಿನಲ್ಲಿ 20% ಮುಟ್ಟಿದೆ. ಆದರೆ ಆ ಸೆಲ್‌ಗಳ ಅಳತೆ ಬೆರಳ ಉಗುರಿಗಿಂತ ಚಿಕ್ಕದು. ಅವನ್ನು ಮಾಡುವುದು ಸ್ಪಿನ್ ಕೋಟಿಂಗ್‌ನಲ್ಲಿ: ಗಾಜಿನ ತುಂಡಿನ ಮೇಲೆ ಹನಿ ಹಾಕಿ ಬುಗುರಿಯಂತೆ ತಿರುಗಿಸುವುದು. ಇಂಕ್‌ನ 90%ಗಿಂತ ಜಾಸ್ತಿ ಆಚೆ ಸಿಡಿದುಹೋಗುತ್ತದೆ. ದ್ರಾವಕ ಹೆಚ್ಚಾಗಿ ಕ್ಲೋರೋಫಾರ್ಮ್. ಅದು 61 ಡಿಗ್ರಿಗೇ ಕುದಿಯುವುದರಿಂದ ಸೆಕೆಂಡುಗಳಲ್ಲಿ ಒಣಗಿ ಹದ ಕೂರುತ್ತದೆ. ಅದೇ ಇಂಕನ್ನು ಉದ್ದದ ಹಾಳೆಗೆ ತಂದರೆ ಹದವೇ ಬೇರೆ. ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ತಂಡ 204 ಚದರ ಸೆಂಟಿಮೀಟರ್ ಹಲಗೆಯಲ್ಲಿ 14.46% ತೆಗೆದದ್ದು ದೊಡ್ಡ ಸಾಧನೆ ಅನ್ನಿಸುವುದು ಅದಕ್ಕೇ.

ಹಾಗಾದರೆ ದೊಡ್ಡದಾಗಿ ಹಚ್ಚುವುದು ಹೇಗೆ? ನನ್ನ ಓಟು ಸ್ಲಾಟ್-ಡೈಗೆ. ಸ್ಟೀಲಿನ ಎರಡು ತುಟಿಗಳ ನಡುವೆ ಕೂದಲಿನಷ್ಟು ಸೀಳು. ಅದರಿಂದ ಇಂಕ್ ಪರದೆಯಂತೆ ಇಳಿಯುತ್ತದೆ, ಕೆಳಗೆ ಹಾಳೆ ಓಡುತ್ತದೆ. ಇದರ ಸೊಗಸು ಏನೆಂದರೆ ದಪ್ಪವನ್ನು ಮೊದಲೇ ಲೆಕ್ಕ ಹಾಕಬಹುದು. ಪಂಪು ನಿಮಿಷಕ್ಕೆ ಎಷ್ಟು ಎಂ.ಎಲ್ ತಳ್ಳುತ್ತದೆ, ಹಾಳೆ ಎಷ್ಟು ಅಗಲ, ಎಷ್ಟು ವೇಗ, ಅಷ್ಟೇ. ಒಂದು ಲೆಕ್ಕ ಮಾಡೋಣ. ಒಂದು ಎಂ.ಎಲ್ ಇಂಕ್‌ನಲ್ಲಿ 20 ಮಿಲಿಗ್ರಾಂ ಪುಡಿ ಕರಗಿದೆ ಅಂದುಕೊಳ್ಳಿ. ಒಣಗಿದ ಮೇಲೆ 100 ನ್ಯಾನೋಮೀಟರ್ ಬೇಕಾದರೆ ಹಸಿ ಪದರ ಸುಮಾರು 5.5 ಮೈಕ್ರಾನ್ ಇರಬೇಕು. 30 ಸೆಂಟಿಮೀಟರ್ ಅಗಲದ ಹಾಳೆ ನಿಮಿಷಕ್ಕೆ ಒಂದು ಮೀಟರ್ ಓಡಿದರೆ ಪಂಪು ನಿಮಿಷಕ್ಕೆ ಸುಮಾರು 1.65 ಎಂ.ಎಲ್ ತಳ್ಳಬೇಕು. ಆಸ್ಪತ್ರೆಯಲ್ಲಿ ಔಷಧಿ ತಳ್ಳುವ ಸಿರಿಂಜ್ ಪಂಪಿನಂಥದ್ದೇ ಸಾಕು. ಇಂಕ್ ಹೆಚ್ಚುಕಡಿಮೆ ದಂಡವಾಗುವುದೇ ಇಲ್ಲ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 9 ಚದರ ಮೀಟರ್, ಅಂದರೆ ಹತ್ತಿಂಟು ಹತ್ತರ ರೂಮಿನ ನೆಲದಷ್ಟು ಜಾಗ ಮುಚ್ಚಬಹುದು. ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ದುಬಾರಿ ಬೆಲೆಗೆ ಮಾರುವಾಗ ಈ ಉಳಿತಾಯ ಸಣ್ಣದಲ್ಲ.

ಈ ಸ್ಲಾಟ್-ಡೈ ಸೋಲಾರ್‌ನವರು ಕಂಡುಹಿಡಿದದ್ದಲ್ಲ. 1950ರ ದಶಕದಲ್ಲಿ ಕೊಡಾಕ್‌ನವರು ಫೋಟೋ ಫಿಲ್ಮಿಗೆ ಇದರ ಪೇಟೆಂಟ್ ಪಡೆದಿದ್ದರು. ಅಮೆರಿಕದಲ್ಲಿ ಆಲನ್ ಹೀಗರ್ ಜೊತೆಗೂಡಿ ಕಟ್ಟಿದ ಕೊನಾರ್ಕಾ ಕಂಪನಿ 2008ರಲ್ಲಿ ಪ್ಲಾಸ್ಟಿಕ್ ಸೋಲಾರ್ ತಯಾರಿಸಲು ಹಿಡಿದದ್ದೂ ಹಳೇ ಪೋಲರಾಯ್ಡ್ ಕಾರ್ಖಾನೆಯನ್ನೇ. ಹೀಗರ್ ಅಂದರೆ ಕರೆಂಟ್ ಹರಿಸುವ ಪಾಲಿಮರ್‌ಗೆ 2000ದ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಕೊನಾರ್ಕಾ 2012ರಲ್ಲಿ ದಿವಾಳಿಯಾಯಿತು, ಅದನ್ನೂ ಮುಚ್ಚಿಡಬಾರದು. ನಮ್ಮ ಊಟಿಯಲ್ಲೂ 'ಇಂದು' ಫಿಲ್ಮ್ ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು. ತೆಳುವಾಗಿ, ಒಂದೇ ಸಮ ಹಚ್ಚಿ ಒಣಗಿಸುವ ವಿದ್ಯೆ ಬೆಂಗಳೂರಿನಿಂದ ಒಂದು ದಿನದ ದಾರಿಯಲ್ಲೇ ಇತ್ತು. ಕಾರ್ಖಾನೆ ಮುಚ್ಚಿದಾಗ ಆ ಕೈಗಳೂ ಚದುರಿದವು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಗ್ರೇವ್ಯೂರ್ ಯಾಕೆ ಬೇಡ ಅಂದೆ? ಅದು ಕೆಟ್ಟ ವಿಧಾನ ಅಂತಲ್ಲ. ಫಿನ್ಲೆಂಡಿನ ವಿಟಿಟಿ ಸಂಸ್ಥೆ 2015ರಲ್ಲಿ ಗ್ರೇವ್ಯೂರ್ ಮತ್ತು ಸ್ಕ್ರೀನ್ ಎರಡನ್ನೂ ಬಳಸಿ ಎಲೆಯ ಆಕಾರದ ತೆಳು ಸೆಲ್‌ಗಳನ್ನು ಮಾಡಿ ತೋರಿಸಿತು. ಸ್ಲಾಟ್-ಡೈ ಬರೀ ಪಟ್ಟಿ ಹಾಕುತ್ತದೆ, ಗ್ರೇವ್ಯೂರ್ ಯಾವ ಆಕಾರವನ್ನಾದರೂ ಹಾಕುತ್ತದೆ. ಆದರೆ ದಪ್ಪ ಬದಲಿಸಬೇಕೆಂದರೆ ಸಿಲಿಂಡರನ್ನೇ ಹೊಸದಾಗಿ ಕೊರೆಸಬೇಕು. ಚಿಪ್ಸ್ ಪ್ಯಾಕೆಟ್ ಲಕ್ಷಗಟ್ಟಲೆ ಹೊಡೆಯುವವರಿಗೆ ಅದು ಲೆಕ್ಕಕ್ಕಿಲ್ಲ. ಇನ್ನೂ ಹದ ಹುಡುಕುತ್ತಿರುವವರಿಗೆ ಪ್ರತಿ ಸಲವೂ ಹೊಸ ಸಿಲಿಂಡರ್ ಅಂದರೆ ಕೈ ಸುಡುತ್ತದೆ. ಇಂಕ್‌ಜೆಟ್‌ನಲ್ಲೂ ಆಕಾರದ ಸ್ವಾತಂತ್ರ್ಯವಿದೆ, ಆದರೆ ನಳಿಕೆ ಕಟ್ಟಿಕೊಳ್ಳುವ ಕಾಟ. ಹನಿ ಒಣಗುವಾಗ ಅಂಚಲ್ಲಿ ದಪ್ಪ, ನಡುವೆ ತೆಳು ಆಗುವುದು ಇನ್ನೊಂದು ಕಾಟ. ದರ್ಶಿನಿಯ ಟೇಬಲ್ ಮೇಲೆ ಚೆಲ್ಲಿದ ಕಾಫಿ ಹನಿ ಉಂಗುರವಾಗಿ ಒಣಗುತ್ತದಲ್ಲ, ಅದೇ. ನೋಡಿ, ಅಲ್ಲೂ ಒಣಗುವುದರದ್ದೇ ಸಮಸ್ಯೆ.

ಈಗ ನಿಮ್ಮ ಪದರಕ್ಕೆ ಬರೋಣ. ಬೆಳ್ಳಿ ಹಾಕುವುದು ಅಂದರೆ ಸುಮ್ನೆ ಮೇಲೊಂದು ಕೋಟು ಅಂತಲ್ಲ. ಒಂದು ಸೆಲ್ ಕೊಡುವುದು 0.8 ವೋಲ್ಟ್ ಆಸುಪಾಸು. ಒಳ್ಳೇ ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರಿಗೆ 25 ಮಿಲಿಆಂಪ್ ಬರುತ್ತದೆ ಅಂದುಕೊಳ್ಳಿ. ಹತ್ತು ಸೆಂಟಿಮೀಟರ್ ಚೌಕವನ್ನು ಒಂದೇ ಸೆಲ್ ಮಾಡಿದರೆ 2.5 ಆಂಪ್ ಆಗುತ್ತದೆ. ಅಷ್ಟು ಕರೆಂಟ್ ತೆಳು ಪಾರದರ್ಶಕ ಪದರದಲ್ಲಿ ಓಡಿದರೆ ಅರ್ಧಕ್ಕರ್ಧ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಹಾಳೆಯನ್ನು ಒಂದು ಸೆಂಟಿಮೀಟರ್‌ಗಿಂತ ಕಿರಿದಾದ ಪಟ್ಟಿಗಳಾಗಿ ಮಾಡಿ, ಒಂದರ ತಲೆ ಇನ್ನೊಂದರ ಬಾಲಕ್ಕೆ ಸೇರಿಸುತ್ತಾರೆ. ಈ ಸೇರಿಕೆಯಲ್ಲಿ ರಿಜಿಸ್ಟ್ರೇಷನ್ (ಒಂದು ಪದರ ಇನ್ನೊಂದರ ಮೇಲೆ ಸರಿಯಾದ ಜಾಗಕ್ಕೇ ಕೂರುವುದು) ಅರ್ಧ ಮಿಲಿಮೀಟರ್ ತಪ್ಪಿದರೂ ಎರಡು ಪಟ್ಟಿ ಶಾರ್ಟ್. ಹಾಳೆ ಒಲೆಯಿಂದ ಬಂದಾಗ ಕುಗ್ಗಿರುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ನಾವು ಅದನ್ನು ಕಲಿಯಲು ಒಂದು ರೋಲ್ ಹಾಳು ಮಾಡಿದೆವು. ಡೆನ್ಮಾರ್ಕಿನಲ್ಲಿ ಫ್ರೆಡರಿಕ್ ಕ್ರೆಬ್ಸ್ ಅವರ ತಂಡ ರೋಲ್‌ನಿಂದ ರೋಲ್‌ಗೆ ಸೆಲ್ ಮಾಡುವ ಮೊದಲ ಪೂರ್ಣ ಕ್ರಮವೊಂದನ್ನು ಕಟ್ಟಿತು. ಅದರಲ್ಲಿ ನಡುವಿನ ಮೂರು ಪದರಕ್ಕೆ ಸ್ಲಾಟ್-ಡೈ, ಬೆಳ್ಳಿಗೆ ಸ್ಕ್ರೀನ್. ತಳದ ಪಾರದರ್ಶಕ ಪದರದಲ್ಲಿ ಪಟ್ಟಿ ಬಿಡಿಸಲೂ ಸ್ಕ್ರೀನಿನಲ್ಲೇ ರಕ್ಷಣೆಯ ಇಂಕ್ ಹಾಕಿ ಉಳಿದದ್ದನ್ನು ಆಸಿಡ್‌ನಲ್ಲಿ ತೆಗೆದರು. ಮೊದಲ ಕೆಲಸವೂ ಕೊನೆಯ ಕೆಲಸವೂ ನಿಮ್ಮ ಮಷೀನಿನದೇ ಅಂತಾಯಿತು.

ಎರಡು ಕಡೆ ಎಚ್ಚರ ಬೇಕು. ಪೆಡಾಟ್ ನೀರಿನ ಇಂಕ್, ಅದರ ಕೆಳಗಿನ ಆಕ್ಟಿವ್ ಲೇಯರ್ ಎಣ್ಣೆ ಜಾತಿಯದು. ಹಾಗೇ ಹಚ್ಚಿದರೆ ಕೆಸುವಿನ ಎಲೆ ಮೇಲಿನ ನೀರಿನಂತೆ ಮುತ್ತುಮುತ್ತಾಗಿ ಉರುಳುತ್ತದೆ. ಪ್ಲಾಸ್ಟಿಕ್ ಕವರಿಗೆ ಪ್ರಿಂಟ್ ಮಾಡುವವರು ಕರೋನಾ ಟ್ರೀಟ್‌ಮೆಂಟ್ (ಇಂಕ್ ಹಿಡಿಯಲೆಂದು ಮೇಲ್ಮೈಗೆ ವಿದ್ಯುತ್ ಕಿಡಿ ತಾಕಿಸುವುದು) ಕೊಡುವಂತೆ ಇಲ್ಲೂ ಮೆತ್ತಗೆ ಕೊಡಬೇಕು, ಇಲ್ಲವೇ ಇಂಕಿಗೆ ಆಲ್ಕೋಹಾಲ್ ಸೇರಿಸಬೇಕು. ಎರಡನೆಯದು ಇನ್ನೂ ಮುಖ್ಯ. ನಿಮ್ಮ ಬೆಳ್ಳಿ ಪೇಸ್ಟಿನ ದ್ರಾವಕ ನಿಧಾನವಾಗಿ ಆರುವಂಥದ್ದು, ಮೆಶ್ ಕಟ್ಟಿಕೊಳ್ಳಬಾರದು ಅಂತ. ಅದು ಆರುವ ಮೊದಲು ಕೆಳಗಿಳಿದು ಆಕ್ಟಿವ್ ಲೇಯರನ್ನೇ ಮತ್ತೆ ನೆನೆಸಿಬಿಡಬಹುದು. ಕಷ್ಟಪಟ್ಟು ತಂದ ಹದ ಅಲ್ಲಿಗೆ ಮುಗಿಯಿತು. ಹಾಗಾಗಿ ನೀರಿನ ಆಧಾರದ ಬೆಳ್ಳಿ ಇಂಕ್ ಕೇಳಿ, ಅಥವಾ ಯುವಿಯಲ್ಲಿ ಗಟ್ಟಿಯಾಗುವುದು. ಕೀಪ್ಯಾಡಿಗೆ ಬಳಸುವ ಡಬ್ಬಿಯನ್ನೇ ತೆರೆಯಬೇಡಿ.

ಇನ್ನು ಧೂಳು. ಒಂದು ಮಳೆಗಾಲ ನಾವು ಹನ್ನೆರಡು ಪಟ್ಟಿಯ ಹಾಳೆಗಳನ್ನು ಮಾಡಿದೆವು. ಪ್ರತಿ ಹಾಳೆಯಲ್ಲೂ ತುದಿಯ ಎರಡು ಮೂರು ಪಟ್ಟಿ ಸತ್ತಿದ್ದವು. ಇಂಕ್ ಬದಲಿಸಿದೆವು, ಬಿಸಿ ಬದಲಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಹಾಳೆಗೆ ಕರೆಂಟ್ ಕೊಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಸತ್ತ ಪಟ್ಟಿಗಳಲ್ಲಿ ಒಂದೊಂದು ಬಿಸಿ ಚುಕ್ಕೆ. ಮೈಕ್ರೋಸ್ಕೋಪಿನಲ್ಲಿ ಆ ಚುಕ್ಕೆಯೊಳಗೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಎಳೆ ಕಂಡಿತು. ರೋಲ್ ಸೀಳಿಕೊಟ್ಟವರ ಬ್ಲೇಡ್ ಮೊಂಡಾಗಿತ್ತು. ಅಂಚಿನಿಂದ ಎದ್ದ ನಾರು ಹಸಿ ಪದರದೊಳಗೆ ಕೂತು ಬೆಳ್ಳಿಯನ್ನು ನೇರ ತಳಕ್ಕೆ ಮುಟ್ಟಿಸಿತ್ತು. 0.1 ಮೈಕ್ರಾನ್ ಪದರಕ್ಕೆ 20 ಮೈಕ್ರಾನಿನ ನಾರು ಅಂದರೆ ಚಾಪೆ ಮೇಲೆ ಬಂಡೆ ಇಟ್ಟ ಹಾಗೆ. ನಿಮ್ಮ ಶೆಡ್ಡಿನ ಬಾಗಿಲು ರಸ್ತೆಗೆ ತೆರೆದಿದ್ದರೆ ಪೀಣ್ಯದ ಧೂಳಿನಲ್ಲಿ ಈ ಕೆಲಸ ಆಗದು. ಒಂದು ಮೂಲೆಯನ್ನಾದರೂ ಗಾಜು ಹಾಕಿ ಮುಚ್ಚಿ, ಸೋಸಿದ ಗಾಳಿ ಕೊಡಬೇಕು.

ದ್ರಾವಕದ ಬಗ್ಗೆ ನಾನು ಕಟ್ಟುನಿಟ್ಟು. ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್ ಬಳಸುವ ಇಂಕ್ ಯಾರಾದರೂ ತಂದುಕೊಟ್ಟು 'ಟ್ರೈ ಮಾಡಿ' ಅಂದರೆ ಶೆಡ್ಡಿನೊಳಗೆ ಬಿಡಬೇಡಿ. ಲ್ಯಾಬಿನಲ್ಲಿ ಹೊಗೆ ಎಳೆಯುವ ಕಪಾಟಿನೊಳಗೆ ಒಂದೆರಡು ಎಂ.ಎಲ್ ಬಳಸುವುದು ಬೇರೆ. ನಿಮ್ಮ ಹುಡುಗರು ದಿನಕ್ಕೆ ಎಂಟು ಗಂಟೆ ಅದರ ಪಕ್ಕದಲ್ಲಿ ನಿಲ್ಲುವುದು ಬೇರೆ. ಈಗ ಆರ್ಥೋ-ಕ್ಸೈಲೀನ್‌ನಂಥ ಕ್ಲೋರಿನ್ ಇಲ್ಲದ ದ್ರಾವಕಗಳಲ್ಲೂ ಒಳ್ಳೇ ಸೆಲ್ ಬರುತ್ತಿವೆ. ಅದು ಕುದಿಯುವುದು 144 ಡಿಗ್ರಿಗೆ, ನಿಧಾನವಾಗಿ ಆರುತ್ತದೆ. ಹದ ತಪ್ಪದಿರಲು ಹಾಳೆಯನ್ನು ಬಿಸಿ ಮಾಡಿ, ಮೇಲಿಂದ ಚಾಕುವಿನ ಅಲಗಿನಂತೆ ತೆಳ್ಳಗೆ ಗಾಳಿ ಊದುತ್ತಾರೆ. ಕ್ಸೈಲೀನ್ ಕೂಡ ಬೆಂಕಿ ಹಿಡಿಯುವಂಥದ್ದೇ, ಗಾಳಿ ಎಳೆಯುವ ವ್ಯವಸ್ಥೆ ಬೇಕೇ ಬೇಕು.

ಇಷ್ಟೆಲ್ಲ ಮಾಡಿ ಯಾರಿಗೆ ಮಾರುವುದು? ಮನೆ ಮೇಲಿನ ಸೋಲಾರ್ ಅಂತ ಯೋಚಿಸಿದ್ದರೆ ಬಿಟ್ಟುಬಿಡಿ. ಸಿಲಿಕಾನ್ ಪ್ಯಾನೆಲ್ 20%ಗಿಂತ ಮೇಲೆ ಕೊಡುತ್ತದೆ, ಇಪ್ಪತ್ತೈದು ವರ್ಷ ಬಾಳುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ ₹78,000 ಸಬ್ಸಿಡಿಯೂ ಇದೆ. ಪ್ರಿಂಟ್ ಮಾಡಿದ ಹಾಳೆಗೆ ನೀರಾವಿ ಮತ್ತು ಆಮ್ಲಜನಕವೇ ಶತ್ರು. ಸಾಮಾನ್ಯ ಪಾಲಿಯೆಸ್ಟರ್ ಒಂದು ಚದರ ಮೀಟರಿಗೆ ದಿನಕ್ಕೆ ಗ್ರಾಂಗಟ್ಟಲೆ ನೀರಾವಿ ಬಿಟ್ಟುಕೊಡುತ್ತದೆ. ಸೆಲ್ ವರ್ಷಗಟ್ಟಲೆ ಬದುಕಲು ಅದು ಗ್ರಾಮಿನ ಸಾವಿರದಲ್ಲೊಂದು ಭಾಗಕ್ಕೆ ಇಳಿಯಬೇಕು. ಅಂಥ ಬ್ಯಾರಿಯರ್ ಫಿಲ್ಮ್ ದುಬಾರಿ. ಎಷ್ಟೋ ಸಲ ಸೆಲ್‌ಗಿಂತ ಅದರ ಹೊದಿಕೆಗೇ ಜಾಸ್ತಿ ಖರ್ಚು.

ಮನೆಯೊಳಗಿನ ಬೆಳಕಿನಲ್ಲಿ ಮಾತ್ರ ಈ ಸೆಲ್‌ಗಳು ಬೇರೆಯೇ ರೀತಿ ನಡೆದುಕೊಳ್ಳುತ್ತವೆ. ಆಫೀಸಿನ ಎಲ್‌ಇಡಿ ಬೆಳಕು 500 ಲಕ್ಸ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 150 ಮೈಕ್ರೋವ್ಯಾಟ್. ಅದರಲ್ಲಿ 20% ಹಿಡಿದರೂ ಅಂಗೈಯಗಲದ ಒಂದು ಹಾಳೆ, 50 ಚದರ ಸೆಂಟಿಮೀಟರ್ ಅನ್ನಿ, 1.5 ಮಿಲಿವ್ಯಾಟ್ ಕೊಡುತ್ತದೆ. ಆಗಾಗ ತಾಪಮಾನ ಕಳಿಸುವ ಸಣ್ಣ ಸೆನ್ಸರಿಗೆ ಇದು ಧಾರಾಳ. ಬ್ಯಾಟರಿ ಬದಲಿಸುವ ಗೋಜಿಲ್ಲ. ಸ್ವೀಡನ್ನಿನ ಎಪಿಶೈನ್, ಫ್ರಾನ್ಸಿನ ಡ್ರಾಕುಲಾ ಟೆಕ್ನಾಲಜೀಸ್ ಹಿಡಿದಿರುವ ದಾರಿ ಇದೇ. ಬೆಂಗಳೂರಿನಲ್ಲಿ ಸೆನ್ಸರ್ ಮಾಡುವ ಚಿಕ್ಕ ಕಂಪನಿಗಳಿಗೆ ಬರವೇ? ನಿಮ್ಮ ಕೀಪ್ಯಾಡ್ ಗಿರಾಕಿಗಳಲ್ಲೇ ಒಂದಿಬ್ಬರು ಇರಬಹುದು, ಕೇಳಿ ನೋಡಿ. ಸಾಮಾನ್ಯ ಪ್ರಿಂಟಿಂಗ್ ಮಷೀನು ಈ ದಾರಿಗೆ ಬರುವುದು ಹೊಸದೇನಲ್ಲ. ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲಿ ಪಾಲ್ ದಸ್ತೂರ್ ಅವರ ತಂಡ ಬಳಸಿದ್ದು ಸಾಮಾನ್ಯವಾಗಿ ವೈನ್ ಬಾಟಲಿ ಲೇಬಲ್ ಹಾಕಲು ಬಳಸುವಂಥ ಮಷೀನನ್ನು.

ನೀವು ಎಲ್ಲಿಂದ ಶುರು ಮಾಡಬೇಕು ಅಂದರೆ, ಬೆಳ್ಳಿಯಿಂದಲೇ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ಅವರು ಪಾಲಿಮರ್ ಸೆಲ್‌ಗಳ ಮೇಲೆ ಬಹಳ ಕಾಲ ಕೆಲಸ ಮಾಡಿದ್ದಾರೆ. ಪಾರದರ್ಶಕ ಪದರಕ್ಕೆ ಜಿ. ಯು. ಕುಲಕರ್ಣಿ ಅವರು ಇದೇ ಊರಿನಲ್ಲಿ ಕಂಡುಕೊಂಡ ದಾರಿಯಂತೂ ನನಗೆ ಬಲು ಇಷ್ಟ. ಕೆರೆ ಬತ್ತಿದಾಗ ಕೆಸರು ಬಿರುಕು ಬಿಡುತ್ತದಲ್ಲ, ಹಾಗೆ ಒಣಗಿ ಬಿರಿಯುವ ಪದರವೊಂದನ್ನು ಹಚ್ಚಿ, ಆ ಬಿರುಕಿನೊಳಗೆ ಲೋಹ ತುಂಬಿ, ಪದರ ತೊಳೆದರೆ ಕಣ್ಣಿಗೆ ಕಾಣದ ಲೋಹದ ಬಲೆ ಉಳಿಯುತ್ತದೆ. ನಾವೆಲ್ಲ ಯಾವ ಬಿರುಕಿಗೆ ಹೆದರುತ್ತೇವೋ ಅದನ್ನೇ ಅವರು ಕೆಲಸಕ್ಕೆ ಹಚ್ಚಿದರು. ಕಾನ್ಪುರದ ಐಐಟಿಯಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್‌ಗೆಂದೇ ರಾಷ್ಟ್ರೀಯ ಕೇಂದ್ರವಿದೆ. ಇಂಥ ಕಡೆ ಆಕ್ಟಿವ್ ಲೇಯರ್ ಮಾಡಬಲ್ಲ ಜನರಿದ್ದಾರೆ. ಅವರಿಗೆ ಅಪರೂಪವಾಗಿರುವುದು ದಿನಕ್ಕೆ ಐನೂರು ಹಾಳೆಗೆ ರಿಜಿಸ್ಟ್ರೇಷನ್ ತಪ್ಪದೆ ಬೆಳ್ಳಿ ಹಾಕುವ ಕೈ.

ಈ ವಾರ ಒಂದು ಕೆಲಸ ಮಾಡಿ. 125 ಮೈಕ್ರಾನ್ ಪಾಲಿಯೆಸ್ಟರ್ ತಗೊಂಡು ಮೊದಲು ಒಲೆಯಲ್ಲಿಟ್ಟು ಕುಗ್ಗಿಸಿ. ನೀರಿನ ಆಧಾರದ ಬೆಳ್ಳಿ ಇಂಕಿನಲ್ಲಿ 100 ಮೈಕ್ರಾನ್ ಅಗಲದ ಗೆರೆಗಳನ್ನು ಹಾಕಿ, ಸಾಲಿಗೆ ಹನ್ನೆರಡು. 120 ಡಿಗ್ರಿಯಲ್ಲಿ ಒಣಗಿಸಿ ಮೊದಲ ಹಾಳೆಯನ್ನೂ ಐವತ್ತನೆಯ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಗೆರೆ ಗೆರೆಗೆ ಕೂತರೆ ಆ ಎರಡು ಹಾಳೆ ತೆಗೆದುಕೊಂಡು ಮಗಳ ಜೊತೆ ಜಕ್ಕೂರಿಗೆ ಹೋಗಿ. ಕೂರದಿದ್ದರೆ ಎಷ್ಟು ಸರಿದಿದೆ, ಯಾವ ಕಡೆ ಸರಿದಿದೆ ಅಂತ ಅಳೆದು ನನಗೆ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.